‘ಎವಿನ್‌ದೆ’ ನಡುವೆ ಆ ‘ನ್’ ಯಾಕೆ?

ಪ್ರಶ್ನೆ: ಟರ್ಕಿಶ್‌ನಲ್ಲಿ ‘ಎವ್’ ಅಂದರೆ ಮನೆ, ‘ಎವ್‌ದೆ’ ಅಂದರೆ ಮನೆಯಲ್ಲಿ, ‘ಎವಿ’ ಅಂದರೆ ಅವನ ಮನೆ. ಅವನ ಮನೆಯಲ್ಲಿ ಅನ್ನೋಕೆ ‘ಎವಿದೆ’ ಸಾಕಲ್ಲ? ‘ಎವಿನ್‌ದೆ’ ಯಾಕೆ?

ಧಾರಾವಾಹಿ ನೋಡಿ ಟರ್ಕಿಶ್ ಕಲಿಯಲು ಹೊರಟವರೆಲ್ಲ ಎಡವುವ ಜಾಗ ಇದು. ಅವನ, ಅವಳ, ಅದರ ಅನ್ನುವ ಒಡೆತನದ ಪ್ರತ್ಯಯದ ಮೇಲೆ ವಿಭಕ್ತಿ ಕೂತರೆ ನಡುವೆ ‘ನ್’ ಬರಲೇಬೇಕು. ಉತ್ತರ ಇಷ್ಟೇ.

ಆದರೆ ಇಷ್ಟಕ್ಕೆ ಯಾರು ಬಿಡುತ್ತಾರೆ? ‘ನಮ್ಮ ಆಗಮಸಂಧಿ ತಾನೇ ಸಾರ್, ಎರಡು ಸ್ವರ ಕೂಡಿದಲ್ಲಿ ಒಂದು ಅಕ್ಷರ ಬರುತ್ತೆ’ ಅಂತ ಶುರು. ಅಲ್ಲ. ಎಷ್ಟು ಸಲ ಕೇಳಿದರೂ ಅಲ್ಲ. ‘ಎವಿ’ ಮುಂದೆ ಬರುವುದು ‘ದೆ’. ಅದರ ಮೊದಲಿಗೇ ದಕಾರ ಇದೆ, ಕೂಡಲು ಎರಡನೇ ಸ್ವರ ಎಲ್ಲಿದೆ? ನಿಜವಾದ ಆಗಮ ಬೇಕಾದರೆ ‘ಬಹ್ಚೆ’ ನೋಡಿ. ಅಂದರೆ ತೋಟ. ತೋಟಕ್ಕೆ ‘ಬಹ್ಚೆಯೆ’, ನಮ್ಮ ‘ಮನೆಯನ್ನು’ವಿನಲ್ಲಿ ಇರುವಂಥದೇ ಯಕಾರ. ಅವನ ತೋಟ ‘ಬಹ್ಚೆಸಿ’, ಅವನ ತೋಟಕ್ಕೆ ಅಂದಾಗ ಮಾತ್ರ ‘ಬಹ್ಚೆಸಿನೆ’. ಸ್ವರ ಕೂಡುವುದೊಂದೇ ಕಾರಣವಾಗಿದ್ದರೆ ಇಲ್ಲೂ ಯಕಾರವೇ ಬರಬೇಕಿತ್ತು.

ಇನ್ನೂ ಒಪ್ಪದವರು ಇಸ್ತಾಂಬುಲ್‌ಗೆ ಬನ್ನಿ. ಮೇಲೆ ಚಾವಣಿ ಇರುವ ಹಳೇ ಬಜಾರು ಕಪಾಲಿಚಾರ್ಶಿ. ಅಲ್ಲಿ ಅನ್ನಲು ‘ಕಪಾಲಿಚಾರ್ಶಿದಾ’. ತಕ್ಸಿಮ್ ಚೌಕ ತಕ್ಸಿಮ್ ಮೆಯ್ದಾನಿ. ಅಲ್ಲಿ ಅನ್ನಲು ‘ಮೆಯ್ದಾನಿನ್‌ದಾ’. ಎರಡೂ ಮುಗಿಯುವುದು ಒಂದೇ ಸ್ವರದಲ್ಲಿ. ಆದರೆ ಚಾರ್ಶಿಯ ಕೊನೆಯ ಸ್ವರ ಪದದ್ದೇ, ಮೆಯ್ದಾನಿಯದು ‘ತಕ್ಸಿಮ್‌ನ ಚೌಕ’ ಅನ್ನುವಲ್ಲಿನ ಒಡೆತನದ ಪ್ರತ್ಯಯ. ‘ನ್’ ಹುಡುಕುವುದು ಆ ಪ್ರತ್ಯಯವನ್ನು, ಸ್ವರವನ್ನಲ್ಲ. ‘ಬು’ ಅಂದರೆ ಇದು, ‘ಬುನ್‌ದಾ’ ಅಂದರೆ ಇದರಲ್ಲಿ. ಹೀಗೆ ಸರ್ವನಾಮಗಳಲ್ಲೂ ಕಾಣುವುದರಿಂದ ವ್ಯಾಕರಣದವರು ಇದನ್ನು ಸರ್ವನಾಮದ ನಕಾರ ಅನ್ನುತ್ತಾರೆ. ನಮ್ಮ ‘ಇದು’ ಕೂಡ ‘ಇದುವಲ್ಲಿ’ ಆಗದೆ ‘ಇದರಲ್ಲಿ’ ಆಗುತ್ತದೆ, ಅದಕ್ಕೆ ಯಾರೂ ತಕರಾರು ತೆಗೆದಿದ್ದು ಕಾಣೆ.

ಅಂದಹಾಗೆ, ನಿನ್ನ ಮನೆಯಲ್ಲಿ ಅನ್ನುವುದಕ್ಕೂ ‘ಎವಿನ್‌ದೆ’ಯೇ. ಅಲ್ಲಿನ ‘ನ್’ ಮಾತ್ರ ‘ನಿನ್ನ’ ಅನ್ನುವ ಪ್ರತ್ಯಯದ್ದು. ಗೊಂದಲ ಬೇಡವೆಂದರೆ ಮೊದಲಿಗೆ ‘ಸೆನಿನ್’ (ನಿನ್ನ) ಅಥವಾ ‘ಒನುನ್’ (ಅವನ) ಹಾಕಿ.

ಯಾರೂ ಕೇಳದ ಇನ್ನೊಂದು ಮಾತಿದೆ. ಎಮಿನೊನುವಿನಲ್ಲಿ ದೋಣಿ ಹತ್ತುವ ತನಕ ನೀವು ‘ಎಮಿನೊನುನ್‌ದೆ’ ಇರುತ್ತೀರಿ. ಬಾಸ್ಫರಸ್ ದಾಟಿ ಕಾದಿಕೊಯ್‌ನಲ್ಲಿ ಇಳಿದರೆ ಬರೀ ‘ಕಾದಿಕೊಯ್‌ದೆ’. ಎಮಿನೊನು ಹೆಸರಿನ ಬಾಲದಲ್ಲಿ ಒಡೆತನದ ಪ್ರತ್ಯಯ ಇನ್ನೂ ಅಂಟಿಕೊಂಡಿದೆ. ಕಾದಿಕೊಯ್‌ಗೂ ಹಿಂದೆ ಇತ್ತು, ಆಗದು ‘ಕಾದಿಕೊಯು’, ಖಾಜಿಯ ಊರು. ಜನರ ಬಾಯಲ್ಲಿ ಆ ‘ಉ’ ಸವೆದುಹೋಯಿತು, ಅದರ ಜೊತೆ ‘ನ್’ ಕೂಡ ಹೋಯಿತು.