ಮಗನ ಥೆರಪಿ ಇನ್ನೂ ಎಷ್ಟು ವರ್ಷವೋ; ತಿಂಗಳು ತಿಂಗಳ ಖರ್ಚಿಗೆ ದಾರಿ ಏನು?

ಪ್ರಶ್ನೆ: ನಮ್ಮ ಮಗನಿಗೆ 6 ವರ್ಷ. ಆಟಿಸಂ ಇದೆ. ವಾರಕ್ಕೆ ಮೂರು ದಿನ ಸ್ಪೀಚ್ ಥೆರಪಿ, ಎರಡು ದಿನ ಆಕ್ಯುಪೇಷನಲ್ ಥೆರಪಿ (ದಿನನಿತ್ಯದ ಕೆಲಸಗಳನ್ನು ಕಲಿಸುವ ತರಬೇತಿ) ನಡೆಯುತ್ತಿದೆ. ಸುಧಾರಣೆ ಕಾಣುತ್ತಿದೆ, ಆದರೆ ಖರ್ಚು ಕೈಮೀರುತ್ತಿದೆ. ಹೆಲ್ತ್ ಇನ್ಶೂರೆನ್ಸ್‌ನವರು ‘ಅಡ್ಮಿಟ್ ಆಗಿಲ್ಲವಲ್ಲ, ಕೊಡಲು ಬರುವುದಿಲ್ಲ’ ಎಂದರು. ಬೇರೆ ನೆರವು ಏನಾದರೂ ಇದೆಯೇ?

ಉತ್ತರ: ಇದೆ. ಆದರೆ ಪೂರ್ತಿ ಖರ್ಚು ಒಂದೇ ಕಡೆಯಿಂದ ಹುಟ್ಟುವುದಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಆಪರೇಷನ್ ಎಂದರೆ ನೆಂಟರಿಷ್ಟರು ಸೇರಿ ಒಮ್ಮೆ ಹಣ ಹೊಂದಿಸಿಕೊಡುತ್ತಾರೆ. ಥೆರಪಿ ಹಾಗಲ್ಲ, ಅದು ಮನೆ ಬಾಡಿಗೆಯಂತೆ ಪ್ರತಿ ತಿಂಗಳೂ ಬಂದು ನಿಲ್ಲುವ ಖರ್ಚು. ಹಾಗಾಗಿ ಚಿಕ್ಕದಾದರೂ ಸರಿ, ವರ್ಷ ವರ್ಷವೂ ಸಿಗುವಂಥದ್ದನ್ನು ಹುಡುಕಬೇಕು.

ಎಲ್ಲಕ್ಕೂ ಮೊದಲು ಅಂಗವೈಕಲ್ಯ ಪ್ರಮಾಣಪತ್ರ ಮತ್ತು ಯುಡಿಐಡಿ ಕಾರ್ಡ್, ಅಂದರೆ ವಿಕಲಚೇತನರ ವಿಶಿಷ್ಟ ಗುರುತಿನ ಚೀಟಿ. ಮಗುವಿನ ಹೆಸರಿನ ಮುಂದೆ ಆ ಪದ ಬರೆಸಲು ಮನಸ್ಸೊಪ್ಪದೆ ವರ್ಷಗಟ್ಟಲೆ ಮುಂದೂಡುವ ತಂದೆತಾಯಿ ಬಹಳ ಇದ್ದಾರೆ. ಆ ಸಂಕಟ ನನಗೆ ಅರ್ಥವಾಗುತ್ತದೆ. ಆದರೂ ಮಾಡಿಸಿ ಎಂದೇ ಹೇಳುತ್ತೇನೆ, ಏಕೆಂದರೆ ಮುಂದೆ ಹೇಳುವ ಬಹುಪಾಲು ಸೌಲಭ್ಯಗಳ ಬೀಗದಕೈ ಅದೇ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಆಟಿಸಂ ಸೇರಿ 21 ಬಗೆಯ ವೈಕಲ್ಯಗಳನ್ನು ಗುರುತಿಸಿದೆ. ಹೆಚ್ಚಿನ ಸೌಲಭ್ಯಗಳಿಗೆ ವೈಕಲ್ಯ ಶೇ 40 ಅಥವಾ ಅದಕ್ಕಿಂತ ಹೆಚ್ಚು ಎಂದು ದಾಖಲಾಗಿರಬೇಕು. ಯುಡಿಐಡಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ, ಅಲ್ಲಿ ತೋರಿಸುವ ಆಸ್ಪತ್ರೆಯಲ್ಲಿ ತಪಾಸಣೆ ಮಾಡಿಸಬೇಕು. ಚಿಕ್ಕ ಮಕ್ಕಳ ಪ್ರಮಾಣಪತ್ರ ಕೆಲವೇ ವರ್ಷಕ್ಕೆ ಸೀಮಿತವಾಗಿರಬಹುದು, ಮುಗಿಯುವ ತಾರೀಖು ನೋಡಿಕೊಳ್ಳಿ.

ನಿಮ್ಮ ಪ್ರಶ್ನೆಗೆ ನೇರವಾಗಿ ಹೊಂದುವ ಯೋಜನೆ ‘ನಿರಾಮಯ’. ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್ ನಡೆಸುವ ಆರೋಗ್ಯ ವಿಮೆ ಇದು. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ವೈಕಲ್ಯ, ಬಹುವಿಧ ವೈಕಲ್ಯ, ಈ ನಾಲ್ಕಕ್ಕೆ ಮಾತ್ರ ಅನ್ವಯ. ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ರಕ್ಷಣೆ ಇದೆ. ಅಡ್ಮಿಟ್ ಆಗಲೇಬೇಕೆಂದಿಲ್ಲ, ಹೊರರೋಗಿ ಚಿಕಿತ್ಸೆಯೂ, ನಿರಂತರ ಥೆರಪಿಯೂ ಇದರಲ್ಲಿ ಸೇರಿವೆ. ವಯಸ್ಸಿನ ಮಿತಿಯಿಲ್ಲ, ಮೊದಲೇ ಇರುವ ತೊಂದರೆ ಎಂಬ ತಕರಾರೂ ಇಲ್ಲ. ಸೇರ್ಪಡೆ ಶುಲ್ಕ ಬಿಪಿಎಲ್ ಕುಟುಂಬಕ್ಕೆ 250 ರೂಪಾಯಿ, ಉಳಿದವರಿಗೆ 500.

ಆದರೆ ಆ ಒಂದು ಲಕ್ಷವೂ ಥೆರಪಿಗೇ ಎಂದುಕೊಳ್ಳಬೇಡಿ. ಒಳಗೆ ಒಂದೊಂದು ಬಾಬ್ತಿಗೂ ಬೇರೆ ಬೇರೆ ಮಿತಿಯಿದೆ, ಥೆರಪಿಯ ಪಾಲು ಅದರಲ್ಲಿ ಒಂದು ಭಾಗ ಮಾತ್ರ. ಜೊತೆಗೆ ಮೊದಲು ನೀವು ಕೈಯಿಂದ ಕೊಟ್ಟು, ಆಮೇಲೆ ಕ್ಲೇಮ್ ಮಾಡಬೇಕು. ಥೆರಪಿ ಬೇಕೆಂದು ವೈದ್ಯರು ಬರೆದ ಚೀಟಿ, ದಿನಾಂಕವಿರುವ ಮೂಲ ಬಿಲ್, ರಸೀದಿ ಎಲ್ಲವೂ ಇರಬೇಕು. ಬಿಳಿ ಹಾಳೆಯ ಮೇಲೆ ‘ಹಣ ಸಂದಿದೆ’ ಎಂದು ಬರೆದುಕೊಟ್ಟರೆ ಒಪ್ಪಿಕೊಳ್ಳಬೇಡಿ. ಸೆಂಟರಿನ ಮುದ್ರೆ ಇರಲಿ. ಸ್ಪೀಚ್ ಥೆರಪಿಸ್ಟ್ ಆದರೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಸಂಖ್ಯೆಯನ್ನೂ ಹಾಕಿಸಿಕೊಳ್ಳಿ. ಪಾಲಿಸಿ ಮಾರ್ಚ್ 31ಕ್ಕೆ ಮುಗಿಯುತ್ತದೆ. ನವೀಕರಣ ಮರೆತು ವರ್ಷದ ನೆರವನ್ನೇ ಕಳೆದುಕೊಂಡವರಿದ್ದಾರೆ.

ಹಣ ತರುವುದರಷ್ಟೇ ಮುಖ್ಯ, ಖರ್ಚಿನ ಒಂದು ಭಾಗವನ್ನು ಸರ್ಕಾರಿ ಕೇಂದ್ರಗಳಿಗೆ ದಾಟಿಸುವುದು. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಜಿಲ್ಲಾ ಮಟ್ಟದಲ್ಲಿ, ಮಕ್ಕಳ ಬೆಳವಣಿಗೆಯ ತೊಂದರೆಗಳನ್ನು ಬೇಗ ಗುರುತಿಸಿ ಚಿಕಿತ್ಸೆ ಕೊಡುವ ಶೀಘ್ರ ಮಧ್ಯಸ್ಥಿಕೆ ಕೇಂದ್ರಗಳಿವೆ. ಜನರ ಬಾಯಲ್ಲಿ ಅದು ಡಿಇಐಸಿ. ಅಲ್ಲಿ 18 ವರ್ಷದವರೆಗೆ ಸೇವೆ ಉಚಿತ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್, ದಾವಣಗೆರೆಯ ಸಿಆರ್‌ಸಿ ಎಂಬ ಪುನರ್ವಸತಿ ಕೇಂದ್ರ, ಈ ಮೂರೂ ಕೇಂದ್ರ ಸರ್ಕಾರದವು. ದಾವಣಗೆರೆಯದು ಎಲ್ಲ ಬಗೆಯ ವೈಕಲ್ಯಗಳಿಗೆ. ಮಗ ಶಾಲೆಗೆ ಹೋಗುತ್ತಿದ್ದರೆ ಶಿಕ್ಷಣ ಇಲಾಖೆಯ ಬಿಆರ್‌ಸಿ (ಕ್ಷೇತ್ರ ಸಂಪನ್ಮೂಲ ಕೇಂದ್ರ) ಕಚೇರಿಯಲ್ಲಿರುವ ಬಿಐಇಆರ್‌ಟಿ, ಅಂದರೆ ವಿಶೇಷ ಅಗತ್ಯದ ಮಕ್ಕಳಿಗೆಂದೇ ಇರುವ ಶಿಕ್ಷಕರನ್ನು ಕಾಣಿ. ದೂರದ ಊರಿಗೆ ವಾರಕ್ಕೆ ಐದು ಸಲ ಓಡಾಡಲಾಗದು ನಿಜ. ಆದರೆ ಎರಡು ಮೂರು ತಿಂಗಳಿಗೊಮ್ಮೆ ಹೋಗಿ ಮಗುವನ್ನು ತೋರಿಸಿ, ಮನೆಯಲ್ಲಿ ಮಾಡಿಸಬೇಕಾದ್ದನ್ನು ಕಲಿತು ಬಂದರೂ ಖಾಸಗಿ ಸೆಷನ್‌ಗಳ ಭಾರ ಇಳಿಯುತ್ತದೆ.

ತೆರಿಗೆ ಕಟ್ಟುವವರಾದರೆ ಒಂದು ಲೆಕ್ಕ ಹಾಕಿ. 1961ರ ಆದಾಯ ತೆರಿಗೆ ಕಾಯ್ದೆಯ 80ಡಿಡಿ ಸೆಕ್ಷನ್ ಪ್ರಕಾರ ಅವಲಂಬಿತ ವಿಕಲಚೇತನರ ಖರ್ಚಿಗಾಗಿ, ತೆರಿಗೆ ಲೆಕ್ಕದ ಆದಾಯದಲ್ಲಿ 75,000 ರೂಪಾಯಿ ಕಡಿತವಿದೆ; ವೈಕಲ್ಯ ಶೇ 80 ಅಥವಾ ಹೆಚ್ಚಿದ್ದರೆ 1,25,000. ಎಷ್ಟೇ ಖರ್ಚಾಗಿರಲಿ, ಕಡಿತ ಅಷ್ಟೇ. ಶೇ 20ರ ಸ್ಲ್ಯಾಬ್‌ನವರಿಗೆ 75,000ದ ಕಡಿತದಿಂದ ಸೆಸ್ ಸೇರಿ 15,600 ರೂಪಾಯಿ ಉಳಿಯುತ್ತದೆ. ಇದು ಹಳೆಯ ತೆರಿಗೆ ಪದ್ಧತಿಯಲ್ಲಿ ಮಾತ್ರ. ಹೊಸ ಪದ್ಧತಿಯಲ್ಲೇ ತೆರಿಗೆ ಬೀಳದಷ್ಟು ಆದಾಯವಿದ್ದರೆ ಇದರ ಗೋಜು ಬೇಡ. ಆ ಕಾಯ್ದೆಯಡಿ ಆಟಿಸಂ, ಸೆರೆಬ್ರಲ್ ಪಾಲ್ಸಿಗೆ ಫಾರ್ಮ್ 10-ಐಎ ಎಂಬ ವೈದ್ಯಕೀಯ ಪ್ರಮಾಣಪತ್ರ ಬೇಕಾಗುತ್ತಿತ್ತು. 2026ರ ಏಪ್ರಿಲ್ 1ರಿಂದ 2025ರ ಹೊಸ ಕಾಯ್ದೆ ಜಾರಿ, ಅದರಲ್ಲಿ ಸೆಕ್ಷನ್ ಸಂಖ್ಯೆ ಬೇರೆ. ನಿಮ್ಮ ಲೆಕ್ಕಿಗರಿಗೆ ‘ಅವಲಂಬಿತ ವಿಕಲಚೇತನರ ಕಡಿತ’ ಎಂದೇ ಹೇಳಿ ಕೇಳಿ.

ಸಂಬಳದಿಂದ ಇಎಸ್‌ಐ ಕಡಿತವಾಗುತ್ತಿದ್ದರೆ ಅಲ್ಲಿನ ಹೊರರೋಗಿ ಸೇವೆ ಮಗನಿಗೂ ಸಲ್ಲುತ್ತದೆ. ಹಳ್ಳಿಯಲ್ಲಿದ್ದರೆ ಗ್ರಾಮ ಪಂಚಾಯಿತಿಯ ವಿಆರ್‌ಡಬ್ಲ್ಯೂ (ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು) ಅವರನ್ನು ಭೇಟಿಯಾಗಿ. ಅಂಗವಿಕಲರ ಮಾಸಾಶನ, ವಿಕಲಚೇತನರಿಗೆಂದು ಪಂಚಾಯಿತಿ ಮೀಸಲಿಡುವ ಶೇ 5ರ ಅನುದಾನ ಎರಡನ್ನೂ ಹೆಸರು ಹಿಡಿದು ಕೇಳಿ. ಆಯುಷ್ಮಾನ್ ಕಾರ್ಡ್ ಇರುವುದು ಆಸ್ಪತ್ರೆಗೆ ದಾಖಲಾಗುವ ಚಿಕಿತ್ಸೆಗೆ, ವಾರದ ಥೆರಪಿಗೆ ಅದನ್ನು ನೆಚ್ಚಿಕೊಳ್ಳಬೇಡಿ.

ಇನ್ನೊಂದು ಮಾತು. ಹಣ ಸಾಲದೆ ಹೋದಾಗ ಎಷ್ಟೋ ಮನೆಯವರು ಸಂಕೋಚದಿಂದ ಯಾರಿಗೂ ಹೇಳದೆ ಥೆರಪಿ ನಿಲ್ಲಿಸಿಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಈಗಿನ ಥೆರಪಿಸ್ಟ್ ಎದುರು ಕೂತು ‘ತಿಂಗಳಿಗೆ ಇಷ್ಟೇ ಆಗುತ್ತದೆ’ ಎಂದು ಮೊತ್ತ ಹೇಳಿ. ಸರ್ಕಾರದ ಅನುದಾನದಲ್ಲೋ ದಾನಿಗಳ ನೆರವಿನಲ್ಲೋ ನಡೆಯುವ ಸೆಂಟರ್‌ಗಳಲ್ಲಿ ಆದಾಯ ನೋಡಿ ಶುಲ್ಕ ಇಳಿಸುವುದುಂಟು, ಆದರೆ ಕೇಳದವರಿಗೆ ಅದು ಸಿಗುವುದಿಲ್ಲ. ಶುಲ್ಕ ಇಳಿಯದಿದ್ದರೆ ಐದು ದಿನವನ್ನು ಎರಡಕ್ಕೆ ತಂದು, ಉಳಿದ ಮೂರು ದಿನ ಮನೆಯಲ್ಲಿ ನೀವೇ ಏನು ಮಾಡಿಸಬೇಕೆಂದು ಬರೆಸಿಕೊಳ್ಳಿ. ಆ ಎರಡು ಸೆಷನ್‌ಗೂ ಒಬ್ಬರು ಒಳಗೆ ಕೂತು ನೋಡಲು ಬಿಡಬೇಕೆಂದು ಕೇಳಿಕೊಳ್ಳಿ.