ಶುದ್ಧ ವಸ್ತುವೋ ಮಿಶ್ರಣವೋ: ಕಾರಣ ಬರೆಯುವುದು ಹೇಗೆ?

ಒಂಬತ್ತನೇ ತರಗತಿಯ ಈ ಪಾಠದಲ್ಲಿ ವ್ಯಾಖ್ಯೆಗಳು ಅಷ್ಟೇನೂ ಕಷ್ಟ ಅಲ್ಲ. ಒಂದು ವಸ್ತುವಿನ ಹೆಸರು ಕೊಟ್ಟು, "ಇದು ಯಾವ ಗುಂಪಿಗೆ ಸೇರುತ್ತದೆ? ಕಾರಣ ಕೊಡಿ" ಅಂತ ಕೇಳಿದಾಗಲೇ ಪೆನ್ನು ನಿಲ್ಲುವುದು. ಅದಕ್ಕೇ ಈ ಟಿಪ್ಪಣಿಯಲ್ಲಿ ಕಾರಣಕ್ಕೆ ಜಾಸ್ತಿ ಜಾಗ.

ಮೊದಲು ಚೌಕಟ್ಟು ನೋಡಿಬಿಡೋಣ. ದ್ರವ್ಯದಲ್ಲಿ ಎರಡು ಬಗೆ: ಶುದ್ಧ ವಸ್ತು ಮತ್ತು ಮಿಶ್ರಣ. ಶುದ್ಧ ವಸ್ತು ಅಂದರೆ ಧಾತು (ಒಂದೇ ಬಗೆಯ ಪರಮಾಣುಗಳದ್ದು: ಕಬ್ಬಿಣ, ಗಂಧಕ, ಆಕ್ಸಿಜನ್) ಅಥವಾ ಸಂಯುಕ್ತ (ಧಾತುಗಳು ರಾಸಾಯನಿಕವಾಗಿ ಕೂಡಿ ಆದದ್ದು: ನೀರು, ಸಕ್ಕರೆ). ಮಿಶ್ರಣದಲ್ಲಿ ಎಲ್ಲ ಕಡೆ ಒಂದೇ ಥರ ಇರುವುದು ಸಮಜಾತೀಯ, ಹಾಗಿಲ್ಲದ್ದು ಅಸಮಜಾತೀಯ. ಬಾಯಿಪಾಠ ಇಷ್ಟೇ ಸಾಕು.

ಗೊಂದಲ ಶುರುವಾಗುವುದು ಸಮಜಾತೀಯ ಮಿಶ್ರಣದ ಹತ್ತಿರ. ಉಪ್ಪುನೀರು ಲೋಟದ ಮೇಲೂ ತಳದಲ್ಲೂ ಒಂದೇ ರುಚಿ. ಹಾಗಿದ್ದರೆ ಶುದ್ಧ ಅಲ್ವಾ? ಅಲ್ಲ. ಉಪ್ಪು ಒಂದು ಚಮಚ ಹಾಕಿದರೂ ಅದು ಉಪ್ಪುನೀರೇ, ಎರಡು ಹಾಕಿದರೂ ಉಪ್ಪುನೀರೇ. ನೀರಿನ ವಿಷಯದಲ್ಲಿ ಇಂಥ ಸಡಿಲ ಇಲ್ಲ. 9 ಗ್ರಾಂ ನೀರನ್ನು ಒಡೆದರೆ 1 ಗ್ರಾಂ ಹೈಡ್ರೋಜನ್, 8 ಗ್ರಾಂ ಆಕ್ಸಿಜನ್ ಸಿಗುತ್ತದೆ. ಬೋರ್‌ವೆಲ್ ನೀರನ್ನು ಬಟ್ಟಿ ಇಳಿಸಿ ತೆಗೆದುಕೊಳ್ಳಿ, ಮಳೆನೀರನ್ನು ಬಟ್ಟಿ ಇಳಿಸಿ ತೆಗೆದುಕೊಳ್ಳಿ, ಲೆಕ್ಕ ಅದೇ. ಪ್ರಮಾಣ ಬದಲಾಯಿಸಲು ಬರುತ್ತದೆಯೇ, ಇಲ್ಲವೇ? ಈ ಪಾಠದ ಮುಕ್ಕಾಲು ಉತ್ತರಗಳು ಇದೊಂದೇ ಪ್ರಶ್ನೆಯಿಂದ ಹೊರಡುತ್ತವೆ.

ಇದು ನಮಗೆ ಸುಲಭವಾಗಿ ಕಾಣುತ್ತದೆ, ಆದರೆ ಇದರ ಮೇಲೆ ದೊಡ್ಡ ಜಗಳವೇ ನಡೆದಿದೆ. ಸ್ಪೇನ್‌ನಲ್ಲಿ ಕೆಲಸ ಮಾಡುತ್ತಿದ್ದ ಫ್ರೆಂಚ್ ವಿಜ್ಞಾನಿ ಜೋಸೆಫ್ ಪ್ರೌಸ್ಟ್ 1799ರಲ್ಲಿ ತಾಮ್ರದ ಕಾರ್ಬೊನೇಟ್ ಪರೀಕ್ಷಿಸಿದ. ಗಣಿಯಲ್ಲಿ ಸಿಕ್ಕಿದ್ದಾಗಲಿ, ಪ್ರಯೋಗಾಲಯದಲ್ಲಿ ಮಾಡಿದ್ದಾಗಲಿ, ಧಾತುಗಳ ಪ್ರಮಾಣ ಒಂದೇ ಅಂತ ತೋರಿಸಿದ. ಬರ್ಥೊಲೆ ಎಂಬ ಇನ್ನೊಬ್ಬ ದೊಡ್ಡ ವಿಜ್ಞಾನಿ ಒಪ್ಪಲಿಲ್ಲ. ಪ್ರಮಾಣ ಬದಲಾಗುತ್ತದೆ ಅಂತ ಹೇಳಲು ಅವನು ತಂದ ಉದಾಹರಣೆಗಳಲ್ಲಿ ಮಿಶ್ರಲೋಹ, ಗಾಜು, ದ್ರಾವಣಗಳೂ ಇದ್ದವು. ಅವೆಲ್ಲ ಮಿಶ್ರಣಗಳು! ಸಂಯುಕ್ತ ಯಾವುದು, ಮಿಶ್ರಣ ಯಾವುದು ಅನ್ನುವ ಗೆರೆ ಆಗಿನ್ನೂ ಗಟ್ಟಿಯಾಗಿರಲಿಲ್ಲ. ಸ್ಥಿರ ಅನುಪಾತದ ನಿಯಮ (ಒಂದು ಸಂಯುಕ್ತದಲ್ಲಿ ಧಾತುಗಳ ತೂಕದ ಪ್ರಮಾಣ ಯಾವಾಗಲೂ ಒಂದೇ) ಓದುವಾಗ ಇದು ನೆನಪಿರಲಿ. ಎರಡು ಪಾಠಗಳೂ ಒಂದಕ್ಕೊಂದು ಅಂಟಿಕೊಂಡಿವೆ.

ಈಗ ಕಬ್ಬಿಣ-ಗಂಧಕದ ಪ್ರಯೋಗ. 7 ಗ್ರಾಂ ಕಬ್ಬಿಣದ ಪುಡಿ, 4 ಗ್ರಾಂ ಗಂಧಕ ಸೇರಿಸಿ ಕಲಸಿ. ಬೂದು ಬಣ್ಣದ ನಡುವೆ ಹಳದಿ ಚುಕ್ಕೆಗಳು ಕಾಣುತ್ತವೆ. ಕಾಗದದ ಅಡಿಯಲ್ಲಿ ಅಯಸ್ಕಾಂತ ಎಳೆದರೆ ಕಬ್ಬಿಣ ಬೇರೆ ಸರಿದು ನಿಲ್ಲುತ್ತದೆ. ಇದು ಮಿಶ್ರಣ. ಇದನ್ನೇ ಗಟ್ಟಿ ಪ್ರನಾಳಕ್ಕೆ ಹಾಕಿ ಬಿಸಿ ಮಾಡಿದರೆ ಒಂದು ಕಡೆ ಕೆಂಪಗೆ ಕಾಯುತ್ತದೆ. ಆಗ ಉರಿ ತೆಗೆದರೂ ಆ ಕೆಂಪು ತಾನಾಗಿಯೇ ಒಳಗೆ ಹಬ್ಬುತ್ತಾ ಹೋಗುತ್ತದೆ. ರಾಸಾಯನಿಕ ಕ್ರಿಯೆ ತನ್ನ ಶಾಖವನ್ನು ತಾನೇ ಕೊಡುತ್ತಿದೆ ಅನ್ನುವುದಕ್ಕೆ ಇದೇ ಗುರುತು. ತಣಿದ ಮೇಲೆ ಸಿಗುವ ಕಪ್ಪು ಗಟ್ಟಿ ಕಬ್ಬಿಣದ ಸಲ್ಫೈಡ್. ಇದರಿಂದ ಕಬ್ಬಿಣವನ್ನು ಅಯಸ್ಕಾಂತ ಬೇರೆ ಮಾಡಲಾರದು. ಪುಡಿ ಮಾಡಿದಾಗ ಒಂದಿಷ್ಟು ಅಂಟಿಕೊಂಡರೆ ಗಾಬರಿ ಬೇಡ, ಅದು ಗಂಧಕದ ಜೊತೆ ಕೂಡದೆ ಉಳಿದ ಕಬ್ಬಿಣ ಇರಬಹುದು. ಆಮ್ಲ ಹಾಕಿದರೆ ವ್ಯತ್ಯಾಸ ಇನ್ನೂ ಸ್ಪಷ್ಟ: ಮಿಶ್ರಣದಿಂದ ವಾಸನೆ ಇಲ್ಲದ ಹೈಡ್ರೋಜನ್, ಸಲ್ಫೈಡ್‌ನಿಂದ ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್. ಅದು ವಿಷದ ಅನಿಲ. ಶಿಕ್ಷಕರು ಇಲ್ಲದೆ ಸುಮ್ನೆ ಮಾಡಿ ನೋಡಲು ಹೋಗಬೇಡಿ.

ಇನ್ನು ಕುದಿಯುವ ಬಿಂದು. ಶುದ್ಧ ನೀರು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ ಅಂತ ಪುಸ್ತಕದಲ್ಲಿದೆ. ಬೆಂಗಳೂರಿನಲ್ಲಿ ಥರ್ಮಾಮೀಟರ್ ಇಟ್ಟರೆ ಸುಮಾರು 97ಕ್ಕೇ ಕುದಿಯುತ್ತದೆ. ನೀರು ಕೆಟ್ಟಿದೆ ಅಂತಲ್ಲ. ಊರು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದಲ್ಲಿದೆ, ಗಾಳಿಯ ಒತ್ತಡ ಕಡಿಮೆ. ಹಾಗಾಗಿ ಅಂಕಿಯೊಂದನ್ನೇ ಹಿಡಿದು ಕೂರಬೇಡಿ, ಅದು ಅಲ್ಲಾಡುತ್ತದೆಯೇ ನೋಡಿ. ಶುದ್ಧ ನೀರು ಕುದಿಯುವಷ್ಟೂ ಹೊತ್ತು ಪಾದರಸ ಒಂದೇ ಕಡೆ ನಿಂತಿರುತ್ತದೆ. ಉಪ್ಪುನೀರಿನಲ್ಲಿ ನೀರು ಆವಿಯಾದಷ್ಟೂ ಉಪ್ಪು ದಟ್ಟವಾಗಿ, ಪಾದರಸ ನಿಧಾನಕ್ಕೆ ಮೇಲೇರುತ್ತದೆ.

ಈ ಪರೀಕ್ಷೆಯನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ತೂಕದಲ್ಲಿ ಸುಮಾರು 95.6 ಭಾಗ ಎಥನಾಲ್, 4.4 ಭಾಗ ನೀರು ಇರುವ ಮಿಶ್ರಣ 78.2 ಡಿಗ್ರಿಯಲ್ಲಿ ಅಲ್ಲಾಡದೆ ಕುದಿಯುತ್ತದೆ, ಥೇಟ್ ಶುದ್ಧ ವಸ್ತುವಿನ ಹಾಗೆ. ಮಾಮೂಲಿ ಬಟ್ಟಿ ಇಳಿಸುವಿಕೆಯಿಂದ ಅದನ್ನು ಮುಂದೆ ಬೇರೆ ಮಾಡಲೂ ಆಗುವುದಿಲ್ಲ. ಆದರೆ ಒತ್ತಡ ಬದಲಾಯಿಸಿದರೆ ಆ ಪ್ರಮಾಣವೇ ಬದಲಾಗುತ್ತದೆ. ಸಂಯುಕ್ತವಾಗಿದ್ದರೆ ಹಾಗೆ ಬದಲಾಗುತ್ತಿರಲಿಲ್ಲ. ಇದು ನಿಮ್ಮ ಪರೀಕ್ಷೆಗೆ ಬರುವುದಿಲ್ಲ, ಪಿಯುಸಿಯಲ್ಲಿ ಮತ್ತೆ ಸಿಗುತ್ತದೆ.

ಪದೇ ಪದೇ ಕೇಳುವ ಕೆಲವನ್ನು ಬೇಗ ನೋಡೋಣ. ಹಾಲು ಕಣ್ಣಿಗೆ ಸಮಜಾತೀಯ, ನಿಜದಲ್ಲಿ ಕಲಿಲ, ಅಂದರೆ ತುಂಬಾ ಸಣ್ಣ ಕಣಗಳು ಕರಗದೆ ಹರಡಿಕೊಂಡಿರುವ ಮಿಶ್ರಣ. ಸೂಕ್ಷ್ಮದರ್ಶಕದಲ್ಲಿ ಕೊಬ್ಬಿನ ಹನಿಗಳು ಕಾಣುತ್ತವೆ. ನೀರಿಗೆ ಒಂದೆರಡು ಹನಿ ಹಾಲು ಹಾಕಿ ಟಾರ್ಚ್ ಬಿಟ್ಟರೆ ಬೆಳಕಿನ ದಾರಿ ಹೊಳೆಯುತ್ತದೆ, ಅದೇ ಟಿಂಡಾಲ್ ಪರಿಣಾಮ. ಹಾಗಾಗಿ ಹಾಲು ಅಸಮಜಾತೀಯ ಅಂತಲೇ ಬರೆಯಿರಿ. ಗಾಳಿ ಮಿಶ್ರಣ: ಒಣಗಾಳಿಯಲ್ಲಿ ಸುಮಾರು 78 ಭಾಗ ನೈಟ್ರೋಜನ್, 21 ಭಾಗ ಆಕ್ಸಿಜನ್, ಆದರೆ ನೀರಾವಿ ಮಂಗಳೂರಿನಲ್ಲಿ ಒಂದು ಥರ, ರಾಯಚೂರಿನಲ್ಲಿ ಇನ್ನೊಂದು ಥರ. ಸೋಡಿಯಂ ಕ್ಲೋರೈಡ್ ಸಂಯುಕ್ತ, ಆದರೆ ಅಂಗಡಿಯ ಅಯೋಡಿನ್ ಉಪ್ಪಿಗೆ ಪೊಟ್ಯಾಸಿಯಂ ಅಯೋಡೇಟ್ ಸೇರಿಸಿರುತ್ತಾರೆ, ಅಲ್ಲಿಗೆ ಅದು ಮಿಶ್ರಣ. ಪ್ರಶ್ನೆಯಲ್ಲಿ ಯಾವ ಹೆಸರು ಕೊಟ್ಟಿದ್ದಾರೆ ಅಂತ ಸರಿಯಾಗಿ ಓದಿ.

ಚಿನ್ನ ಕೊನೆಗೆ. ಹಟ್ಟಿ ಗಣಿಯಿಂದ ಬರುವ ಅದಿರಿನ ಕಲ್ಲು ಅಸಮಜಾತೀಯ ಮಿಶ್ರಣ. ಶುದ್ಧೀಕರಿಸಿದ ಚಿನ್ನ ಧಾತು. ಅದಕ್ಕೆ ತಾಮ್ರ, ಬೆಳ್ಳಿ ಸೇರಿಸಿ ಮಾಡಿದ 916 ಬಳೆಯಲ್ಲಿ ಸಾವಿರಕ್ಕೆ 916 ಭಾಗ ಚಿನ್ನ, ಅಂದರೆ ಸಮಜಾತೀಯ ಮಿಶ್ರಣ. ಶೋಧಿಸಿ, ಆವಿ ಮಾಡಿ ಬಿಡಿಸಲು ಬರುವುದಿಲ್ಲವಾದರೂ ಇದು ಸಂಯುಕ್ತ ಅಲ್ಲ. ಕಾರಣ ಬರೆಯಲು 18 ಕ್ಯಾರಟ್ ಒಡವೆ ನೆನಪಿಸಿಕೊಳ್ಳಿ: ಅವೇ ಲೋಹಗಳು, ಚಿನ್ನ ಮಾತ್ರ ಸಾವಿರಕ್ಕೆ 750.