ಮಾತ್ರೆಯೊಳಗಿನ ಈಸ್ಟ್ರೋಜನ್, ಹೆಪ್ಪುಗಟ್ಟುವ ರಕ್ತ

1961ರಲ್ಲಿ ಇಂಗ್ಲೆಂಡಿನ ಸಫೋಕ್‌ನ ವೈದ್ಯ ಡಬ್ಲ್ಯೂ. ಎಂ. ಜೋರ್ಡಾನ್ ‘ಲ್ಯಾನ್ಸೆಟ್’ ಪತ್ರಿಕೆಗೆ ಒಂದು ಚಿಕ್ಕ ಪತ್ರ ಬರೆದರು. ಎಂಡೊಮೆಟ್ರಿಯೋಸಿಸ್‌ಗೆಂದು (ಗರ್ಭಕೋಶದ ಒಳಪದರದಂಥ ಅಂಗಾಂಶ ಹೊರಗೆ ಬೆಳೆಯುವ ಕಾಯಿಲೆ) ಎನಾವಿಡ್ ಎಂಬ ಹಾರ್ಮೋನ್ ಮಾತ್ರೆ ನುಂಗುತ್ತಿದ್ದ ದಾದಿಯೊಬ್ಬರ ಶ್ವಾಸಕೋಶಕ್ಕೆ ರಕ್ತದ ಹೆಪ್ಪು ಸಿಕ್ಕಿಕೊಂಡಿತ್ತು. ಅದೇ ಮಾತ್ರೆಯನ್ನು ಗರ್ಭನಿರೋಧಕವಾಗಿ ಬಳಸಲು ಅಮೆರಿಕ ಹಿಂದಿನ ವರ್ಷವಷ್ಟೇ ಒಪ್ಪಿತ್ತು. ಆಗಿನ 10 ಮಿಲಿಗ್ರಾಂ ಮಾತ್ರೆಯಲ್ಲಿ ಸುಮಾರು 150 ಮೈಕ್ರೊಗ್ರಾಂ ಈಸ್ಟ್ರೋಜನ್ ಇತ್ತು. ಇಂದು ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಸಿಗುವ ಮಾಲಾ-ಎನ್‌ನಲ್ಲಿರುವುದು 30.

ಈ ಇಳಿಕೆ ತಾನಾಗಿ ಆದದ್ದಲ್ಲ. ಹೆಪ್ಪಿಗೂ ಮಾತ್ರೆಗೂ ನಂಟಿದೆಯೆಂದು ಬ್ರಿಟನ್ನಿನ ಅಧ್ಯಯನಗಳು ಖಚಿತಪಡಿಸಿದ್ದು 1967–68ರಲ್ಲಿ. 50 ಮೈಕ್ರೊಗ್ರಾಂಗಿಂತ ಹೆಚ್ಚು ಈಸ್ಟ್ರೋಜನ್ ಇರುವ ಮಾತ್ರೆ ಬರೆಯಬೇಡಿ ಎಂದು ಅಲ್ಲಿನ ವೈದ್ಯರಿಗೆ ಸೂಚನೆ ಹೋದದ್ದು 1969ರ ಡಿಸೆಂಬರಿನಲ್ಲಿ. ಮರುವರ್ಷ ಅಮೆರಿಕದ ಸೆನೆಟ್ ವಿಚಾರಣೆಯಲ್ಲಿ, ಮಾತ್ರೆ ನುಂಗುವ ಒಬ್ಬ ಹೆಂಗಸನ್ನೂ ಸಾಕ್ಷಿಗೆ ಕರೆದಿಲ್ಲವೇಕೆ ಎಂದು ಮಹಿಳೆಯರು ಎದ್ದು ನಿಂತು ಕೇಳಿದರು. ಬಳಸುವವರಿಗೇ ಅಪಾಯ ತಿಳಿಸುವ ಚೀಟಿ ಮಾತ್ರೆಯ ಜೊತೆ ಬರತೊಡಗಿದ್ದು ಆ ಮೇಲೆ. ಆ ಚೀಟಿ ದಾನವಾಗಿ ಬಂದದ್ದಲ್ಲ, ಕೇಳಿ ಪಡೆದದ್ದು.

ಇಂದಿನ ಹೆಚ್ಚಿನ ಮಾತ್ರೆಗಳಲ್ಲಿರುವ ಈಸ್ಟ್ರೋಜನ್, ಎಥಿನೈಲ್ ಎಸ್ಟ್ರಡಯಾಲ್, ಯಕೃತ್ತಿನಲ್ಲಿ ಬೇಗ ಕರಗುವುದಿಲ್ಲ. ಅಲ್ಲಿ ಅದು ಹೆಪ್ಪುಗಟ್ಟಿಸುವ ಅಂಶಗಳನ್ನು ಹೆಚ್ಚಿಸಿ, ಹೆಪ್ಪನ್ನು ತಡೆಯುವ ಪ್ರೋಟೀನ್-ಎಸ್‌ನಂಥವನ್ನು ತಗ್ಗಿಸುತ್ತದೆ. ಚರ್ಮಕ್ಕೆ ಅಂಟಿಸುವ ಪಟ್ಟಿಯಾಗಲಿ ಯೋನಿಯೊಳಗಿಡುವ ಉಂಗುರವಾಗಲಿ, ಇದೇ ಹಾರ್ಮೋನ್ ಇದ್ದರೆ ಅಪಾಯವೂ ಇದ್ದೇ ಇದೆ. ಮೊದಲ ವರ್ಷ, ಅದರಲ್ಲೂ ಮೊದಲ ಕೆಲವು ತಿಂಗಳು, ಅಪಾಯ ಅತಿ ಹೆಚ್ಚು. ‘ದೇಹಕ್ಕೆ ಸ್ವಲ್ಪ ವಿಶ್ರಾಂತಿ’ ಎಂದು ತಿಂಗಳುಗಟ್ಟಲೆ ಬಿಟ್ಟು ಮತ್ತೆ ಶುರುಮಾಡಿದರೆ ಆ ಆರಂಭದ ಅಪಾಯವೇ ಮರಳಿ ಬರುತ್ತದೆ.

1995ರ ಅಕ್ಟೋಬರಿನಲ್ಲಿ ಬ್ರಿಟನ್ ಇನ್ನೊಂದು ಎಚ್ಚರಿಕೆ ಕೊಟ್ಟಿತು: ಡೆಸೊಜೆಸ್ಟ್ರೆಲ್, ಜೆಸ್ಟೊಡೀನ್ ಎಂಬ ಪ್ರೊಜೆಸ್ಟೋಜನ್ ಹಾರ್ಮೋನುಗಳಿರುವ ಸಂಯುಕ್ತ ಮಾತ್ರೆಗಳಲ್ಲಿ (ಈಸ್ಟ್ರೋಜನ್, ಪ್ರೊಜೆಸ್ಟೋಜನ್ ಎರಡೂ ಇರುವವು) ಅಪಾಯ ಹಳೆಯವಕ್ಕಿಂತ ಎರಡು ಪಟ್ಟು. ಎರಡು ಪಟ್ಟೆಂದರೆ ವರ್ಷಕ್ಕೆ 1 ಲಕ್ಷ ಮಹಿಳೆಯರಲ್ಲಿ 15 ಇದ್ದದ್ದು ಸುಮಾರು 30. ಗರ್ಭ ಧರಿಸಿದರೆ ಆಗುವ ಹೆಪ್ಪು ಆಗಿನ ಲೆಕ್ಕದಲ್ಲಿ ಲಕ್ಷಕ್ಕೆ 60. ಆದರೆ ಜನರ ಕಿವಿಗೆ ಬಿದ್ದದ್ದು ‘ಎರಡು ಪಟ್ಟು’ ಮಾತ್ರ. ಎಷ್ಟೋ ಮಂದಿ ಬೇರೆ ಗರ್ಭನಿರೋಧಕ ಹಿಡಿಯದೆಯೇ ಮಾತ್ರೆ ಬಿಟ್ಟರು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1996ರ ಗರ್ಭಪಾತಗಳು ಹಿಂದಿನ ವರ್ಷಕ್ಕಿಂತ ಸುಮಾರು ಶೇ. 9 ಹೆಚ್ಚಾದವು. ಭಯಕ್ಕೆ ಮಾತ್ರೆ ಬಿಡುವವರಿಗೆ ಅಂದೇ ಇನ್ನೊಂದು ವಿಧಾನ ಕೈಗೆ ಕೊಡಬೇಕು.

2013ರ ಯುರೋಪಿನ ಮರುಪರಿಶೀಲನೆಯಂತೆ, ವರ್ಷಕ್ಕೆ 10,000 ಮಂದಿಯಲ್ಲಿ ಮಾತ್ರೆ ನುಂಗದವರಿಗೆ 2, ಲೆವೊನೊರ್ಜೆಸ್ಟ್ರೆಲ್ ಇರುವ ಸಂಯುಕ್ತ ಮಾತ್ರೆಗೆ 5ರಿಂದ 7, ಡ್ರೊಸ್ಪಿರಿನೋನ್ ಅಥವಾ ಡೆಸೊಜೆಸ್ಟ್ರೆಲ್ ಇರುವುದಕ್ಕೆ 9ರಿಂದ 12. ಮಾಲಾ-ಎನ್ ನಡುವಿನ ಗುಂಪಿನದು.

ಹಾಗಾದರೆ ಯಾರು ಸಂಯುಕ್ತ ಮಾತ್ರೆ ಮುಟ್ಟಲೇಬಾರದು? ಹಿಂದೆ ಕಾಲಿನ ಆಳದ ರಕ್ತನಾಳದಲ್ಲಿ ಅಥವಾ ಶ್ವಾಸಕೋಶದಲ್ಲಿ ಹೆಪ್ಪಾದವರು, ಹೆಪ್ಪುಗಟ್ಟುವ ಆನುವಂಶಿಕ ದೋಷ ಪತ್ತೆಯಾದವರು, ದೊಡ್ಡ ಶಸ್ತ್ರಚಿಕಿತ್ಸೆಯಾಗಿ ಹಾಸಿಗೆ ಹಿಡಿದವರು. ಕಣ್ಣ ಮುಂದೆ ಮಿಂಚಿನ ಗೆರೆ ಕಂಡು ಮೈಗ್ರೇನ್ ಬರುವವರಿಗೂ ಬೇಡ, ಅವರಿಗಿರುವುದು ಪಾರ್ಶ್ವವಾಯುವಿನ ಭಯ. ಹಾಲೂಡಿಸುವ ಬಾಣಂತಿಯರಿಗೆ ಮೊದಲ ಆರು ವಾರ ಬೇಡವೇ ಬೇಡ. ತಾಯಿಗೋ ಅಕ್ಕನಿಗೋ ಎಳೆವಯಸ್ಸಿನಲ್ಲಿ ಹೆಪ್ಪಾಗಿತ್ತೇ ಎಂದು ಮಾತ್ರೆ ಕೊಡುವ ಮುನ್ನ ಕೇಳಲೇಬೇಕು. ಎಲ್ಲರಿಗೂ ರಕ್ತಪರೀಕ್ಷೆ ಅಗತ್ಯವಿಲ್ಲ, ಈ ಪ್ರಶ್ನೆ ಮಾತ್ರ ಎಲ್ಲರಿಗೂ ಬೇಕು.

ಸಂಯುಕ್ತ ಮಾತ್ರೆ ಆಗದವರಿಗೆ ಮೊದಲ ಆಯ್ಕೆ ವಂಕಿ, ಅಂದರೆ ಕಾಪರ್-ಟಿ. ಅದರಲ್ಲಿ ಹಾರ್ಮೋನಿಲ್ಲ, 380ಎ ಹತ್ತು ವರ್ಷ, 375 ಐದು ವರ್ಷ ಕೆಲಸ ಮಾಡುತ್ತದೆ. ಆದರೆ ವಾರ್ಫರಿನ್‌ನಂಥ ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರಿಗೆ ವಂಕಿಯಿಂದ ಮುಟ್ಟಿನ ಸ್ರಾವ ಹೆಚ್ಚಿ ರಕ್ತಹೀನತೆ ಬರಬಹುದು. ಅಂಥವರಿಗೆ ಗರ್ಭಕೋಶದೊಳಗೇ ಲೆವೊನೊರ್ಜೆಸ್ಟ್ರೆಲ್ ಬಿಡುವ ಸಾಧನ ವಾಸಿ, ಸ್ರಾವವನ್ನೂ ಅದು ತಗ್ಗಿಸುತ್ತದೆ. ವಾರ್ಫರಿನ್ ಭ್ರೂಣಕ್ಕೆ ಹಾನಿ ಮಾಡುವುದರಿಂದ ಇವರು ಗರ್ಭನಿರೋಧಕವಿಲ್ಲದೆ ಇರುವಂತೆಯೂ ಇಲ್ಲ. ಪ್ರೊಜೆಸ್ಟೋಜನ್ ಮಾತ್ರವಿರುವ ಮಾತ್ರೆ ಮತ್ತು ತೋಳಿನಲ್ಲಿಡುವ ಕಡ್ಡಿ ಹಿಂದೆ ಹೆಪ್ಪಾದವರಿಗೂ ಸಾಮಾನ್ಯವಾಗಿ ಆಗುತ್ತವೆ. ಅಂತರಾ ಚುಚ್ಚುಮದ್ದಿನ ವಿಷಯದಲ್ಲಿ ಕೆಲವು ಅಧ್ಯಯನಗಳು ಅಪಾಯ ಹೆಚ್ಚೆಂದು ತೋರಿಸಿವೆ, ಒಮ್ಮೆ ಚುಚ್ಚಿದರೆ ಮೂರು ತಿಂಗಳು ಹಿಂತೆಗೆಯಲಾಗದು, ಹಾಗಾಗಿ ಅದನ್ನು ಕೊನೆಗಿಡುವುದೇ ಸರಿ. ಛಾಯಾ ಎಂಬ ಗರ್ಭನಿರೋಧಕ ಮಾತ್ರೆಯಲ್ಲಿ (ಓರ್ಮೆಲೊಕ್ಸಿಫೆನ್) ಈಸ್ಟ್ರೋಜನ್ ಇಲ್ಲ, ನಿಜ. ಆದರೆ ಅದೇ ಬಗೆಯ ಔಷಧಗಳಾದ ಟಾಮೊಕ್ಸಿಫೆನ್, ರಾಲೊಕ್ಸಿಫೆನ್ ಹೆಪ್ಪಿನ ಅಪಾಯ ಹೆಚ್ಚಿಸುತ್ತವೆ, ಹಿಂದೆ ಹೆಪ್ಪಾದವರು ವೈದ್ಯರನ್ನು ಕೇಳದೆ ಶುರುಮಾಡಬಾರದು. ಗಂಡಸರ ಸಂತಾನಹರಣ ಶಸ್ತ್ರಚಿಕಿತ್ಸೆಯಿಂದ ಹೆಂಡತಿಯ ರಕ್ತಕ್ಕೆ ಏನೂ ಆಗದು. ಮನೆಗಳಲ್ಲಿ ಆ ಮಾತು ಇಷ್ಟು ಅಪರೂಪವಾಗಿರುವುದು ಬೇಸರದ ಸಂಗತಿ.

ಹಬ್ಬ, ಮದುವೆ, ತಿರುಪತಿ ಯಾತ್ರೆಗೆಂದು ಮುಟ್ಟು ಮುಂದೂಡಲು ನಮ್ಮಲ್ಲಿ ಅಂಗಡಿಯಿಂದ ತರುವುದು ನೊರೆಥಿಸ್ಟೆರೋನ್ ಎಂಬ ಪ್ರೊಜೆಸ್ಟೋಜನ್, 5 ಮಿಲಿಗ್ರಾಂ ಮಾತ್ರೆ ದಿನಕ್ಕೆ ಮೂರು. ಈ ಪ್ರಮಾಣದಲ್ಲಿ ಅದರ ಒಂದಂಶ ದೇಹದೊಳಗೆ ಎಥಿನೈಲ್ ಎಸ್ಟ್ರಡಯಾಲ್ ಆಗುತ್ತದೆ, ಪರಿಣಾಮ ಹೆಚ್ಚುಕಡಿಮೆ ಒಂದು ಸಂಯುಕ್ತ ಮಾತ್ರೆಯಷ್ಟು. ಹೆಪ್ಪಿನ ಹಿನ್ನೆಲೆ ಇರುವವರು ಇದನ್ನು ತಾವಾಗಿ ನುಂಗಬಾರದು.

ಒಂದೇ ಕಾಲಿನ ಮೀನಖಂಡ ಊದಿ ನೋಯುವುದು, ಇದ್ದಕ್ಕಿದ್ದಂತೆ ಉಸಿರು ಕಟ್ಟುವುದು, ಎದೆನೋವು, ಕೆಮ್ಮಿದಾಗ ರಕ್ತ, ಎಂದೂ ಬಾರದಂಥ ತಲೆನೋವು: ಇವುಗಳಲ್ಲಿ ಒಂದು ಕಂಡರೂ ಅಂದೇ ಆಸ್ಪತ್ರೆಗೆ ಹೋಗಿ. ಏನೇನು ನುಂಗುತ್ತಿದ್ದೀರೆಂದು ಕೇಳಿದಾಗ ಮುಟ್ಟು ಮುಂದೂಡಿದ ಮಾತ್ರೆಯನ್ನೂ ಹೇಳಿ. ಅದನ್ನು ಔಷಧವೆಂದು ಎಣಿಸದವರೇ ಹೆಚ್ಚು.